ಬೀದಿ ಕಡೆಗೆ ಹೋದ ಕುಂಡಗಳು

ಕಾರ್ತಹೇನಾ ಪಟ್ಟಣದ ಹಳೆಯ ಓಣಿಗಳಲ್ಲಿ ದೊಡ್ಡ ಹೂಕುಂಡ ಜರುಗಿಸಬೇಕೆಂದರೆ ಬಾಸಿಲಿಯಾ ಕಾಸೆರೆಸ್‌ಳನ್ನೇ ಕರೆಯುತ್ತಿದ್ದರು. ಐವತ್ತು ದಾಟಿದ, ಕಡ್ಡಿಯಂಥ ಹೆಂಗಸು. ಕುಂಡವನ್ನು ಅವಳು ಎತ್ತುತ್ತಲೇ ಇರಲಿಲ್ಲ. ಎರಡು ದಿನ ನೀರು ಹಾಕಬೇಡಿ ಎಂದು ಮೊದಲೇ ಹೇಳಿಕಳಿಸುವಳು. ಮಣ್ಣು ಒಣಗಿದರೆ ಭಾರ ಇಳಿಯುತ್ತದೆ. ಆಮೇಲೆ ಕುಂಡ ಓರೆ ಮಾಡಿ, ಅಡಿಗೆ ಗೋಣಿತಾಟು ತೂರಿಸಿ, ಮಂಡಿ ಬಗ್ಗಿಸಿ ಎಳೆಯುವಳು. ದೂರವಿದ್ದರೆ ಹಲಗೆಯ ಮೇಲಿಟ್ಟು, ಕೆಳಗೆ ಮೂರು ಕಬ್ಬಿಣದ ಕೊಳವೆ ಕೊಟ್ಟು ಉರುಳಿಸುವಳು. ಮೂವತ್ತು ವರ್ಷದಲ್ಲಿ ಅವಳ ಬೆನ್ನೂ ಹಿಡಿದಿರಲಿಲ್ಲ, ಕಾಲ್ಬೆರಳೂ ಜಜ್ಜಿರಲಿಲ್ಲ.

ಆ ಅಕ್ಟೋಬರಿನಲ್ಲಿ, ಮನೆಯ ಕೋಣೆಗಳನ್ನು ಬಾಡಿಗೆಗೆ ಕೊಡುತ್ತಿದ್ದ ದೋನ್ ಅಬೆಲಾರ್ದೋ ಅವಳನ್ನು ಕರೆಸಿದ. ಮಾಳಿಗೆಯ ಪಡಸಾಲೆಯಲ್ಲಿದ್ದ ಹತ್ತು ಕುಂಡಗಳನ್ನು ಬೀದಿ ಬದಿಯ ಮರದ ಬಾಲ್ಕನಿಗೆ ಸಾಗಿಸಬೇಕಿತ್ತು. ಕೋಣೆ ಕೇಳಿಕೊಂಡು ಬರುವವರಿಗೆ ದೂರದಿಂದಲೇ ಹೂವು ಕಾಣಲಿ ಎಂದು ಅವನ ಆಸೆ.

ಮೂರು ಕುಂಡ ಬಾಲ್ಕನಿಗೆ ಸೇರಿಸಿದ ಮೇಲೆ ಬಾಸಿಲಿಯಾ ಖಾಲಿ ಕೊಳವೆಯೊಂದನ್ನು ಅಲ್ಲಿನ ನೆಲಕ್ಕಿಟ್ಟಳು. ಅದು ತಾನಾಗಿಯೇ, ನಿಧಾನಕ್ಕೆ, ಬೀದಿಯ ಕಡೆಗೆ ಉರುಳಿ ಕಟಕಟೆಗೆ ತಾಗಿ ನಿಂತಿತು. ತಂದು ಮತ್ತೆ ಇಟ್ಟಳು. ಮತ್ತೆ ಉರುಳಿತು. ಗೋಣಿತಾಟು ಕೊಡವಿದರೆ ಹಿಟ್ಟಿನಂಥ ಮರದ ಪುಡಿ.

“ಯಜಮಾನ್ರೇ, ತೊಲೆ ಹುಳ ತಿಂದಿದೆ. ಇಟ್ಟಿದ್ದನ್ನೂ ಒಳಗೆ ತಗೊಳ್ತೀನಿ.”

“ನಮ್ಮ ಮುತ್ತಾತನ ಕಾಲದ ಬಾಲ್ಕನಿ ಕಣೇ ಅದು. ಕೈಲಾಗಲ್ಲ ಅನ್ನು, ತೊಲೆ ಮೇಲೆ ಯಾಕೆ ಹಾಕ್ತೀಯ?” ಎಂದು ನಕ್ಕ ಅವನು ಮೂರಕ್ಕೂ ತುಂಬ ನೀರು ಹೊಯ್ದ. ಕೆಳಗೆಲ್ಲೋ ಮರ ಕಿರ್ರೆಂದಿತು. ಅವನಿಗದು ಕೇಳಿಸಲಿಲ್ಲ.

ಅವಳು ಕೆಲಸ ಬಿಟ್ಟು ಇಳಿದು ಬಂದಳು. ಆ ಬಾಲ್ಕನಿಯ ನೆರಳಲ್ಲೇ ನಿಕಾನೋರಾ ಹಣ್ಣು ಮಾರುತ್ತ ಕೂತಿದ್ದಳು.

“ಎದ್ದೇಳೇ, ಆಚೆ ಬದಿ ಕೂತ್ಕೋ.”

“ಆಚೆ ನೆರಳೆಲ್ಲಿದೆ? ಪರಂಗಿ ಬೆಂದೇ ಹೋಗುತ್ತೆ. ಮೇಲ್ಗಡೆ ಜಗಳ ಆಡ್ಕೊಂಡು ಬಂದು ನನ್ನ ಮೇಲೆ ತೀರಿಸ್ಕೋತೀಯಾ?”

ಬಾಸಿಲಿಯಾ ಹಣ್ಣಿನ ದೊಡ್ಡ ಬೋಗುಣಿಯ ಅಡಿಗೆ ಗೋಣಿತಾಟು ತೂರಿಸಿ, ದರದರ ಎಳೆದುಕೊಂಡು ಬೀದಿ ದಾಟಿದಳು. ನಿಕಾನೋರಾ ಬೈಯುತ್ತ ಹಿಂದೆ ಬಂದಳು.

ಮರುದಿನ ಅವಳು ಮತ್ತೆ ಹಳೆಯ ಜಾಗದಲ್ಲೇ ಕೂತಳು. ಬಾಸಿಲಿಯಾ ಬಂದು ಮತ್ತೆ ಎಳೆದಳು. ಅಷ್ಟರಲ್ಲಿ ಇಬ್ಬರು ಗಟ್ಟಿಮುಟ್ಟಾದ ಆಳುಗಳು ಉಳಿದ ಏಳನ್ನೂ ಹೊತ್ತು ತಂದು ಸಾಲಾಗಿ ಜೋಡಿಸಿದ್ದರು. ಓಣಿಯವರು ಕತ್ತೆತ್ತಿ ನೋಡಿ ಚೆನ್ನಾಗಿದೆ ಎಂದರು. ಮೂರನೆಯ ದಿನ ಬೆಳಗಿನಿಂದಲೇ ಮಳೆ. ಎಳೆದಾಟ ಸಾಕಾಗಿ ನಿಕಾನೋರಾ ತಾನೇ ಎದುರು ಬದಿಗೆ ಹೋಗಿ ಪ್ಲಾಸ್ಟಿಕ್ ಹಾಳೆ ಹೊದ್ದು ಕೂತಳು. ಮೇಲೆ ಕುಂಡಗಳು ನೀರು ಕುಡಿಯುತ್ತಲೇ ಇದ್ದವು.

ಮಧ್ಯಾಹ್ನ ಮಳೆ ನಿಂತಾಗ ದೋನ್ ಅಬೆಲಾರ್ದೋ ಒಣಗಿದ ಎಲೆ ಕೀಳಲು ಬಾಲ್ಕನಿಗೆ ಕಾಲಿಟ್ಟ. ಮೊದಲು ದೊಡ್ಡ ಸದ್ದೇನೂ ಆಗಲಿಲ್ಲ, ಬಟ್ಟೆ ಹರಿದಂತೆ ಒಂದು ಸೀಳು. ಮರುಕ್ಷಣ ಎಲ್ಲವೂ ಬೀದಿಯಲ್ಲಿತ್ತು. ನಿಕಾನೋರಾ ಅರ್ಧ ಕೊಯ್ದ ಪರಂಗಿ ಹಿಡಿದು, ತಾನು ಕೂರುತ್ತಿದ್ದ ಜಾಗವನ್ನೇ ನೋಡಿದಳು. ದೋನ್ ಅಬೆಲಾರ್ದೋ ಬದುಕಿದ. ಸೊಂಟ ಮಾತ್ರ ಸರಿಹೋಗಲಿಲ್ಲ.

ಆಮೇಲೆ ಬಾಸಿಲಿಯಾಳನ್ನು ಕರೆಯುವವರು ಕಡಿಮೆಯಾದರು. ಯಾರ ಮನೆಗೆ ಹೋದರೂ ಅವಳು ಕುಂಡ ಮುಟ್ಟುವ ಮೊದಲು ಮಾಡಿನ ತೊಲೆಗಳನ್ನು ಒಂದೊಂದಾಗಿ ದಿಟ್ಟಿಸುತ್ತ ನಿಲ್ಲುತ್ತಿದ್ದಳು. ಮನೆಯವರಿಗೆ ಅದನ್ನು ನೋಡಲಾಗುತ್ತಿರಲಿಲ್ಲ.