ಅವ್ವ ಕೇಳಿದ ಬೆಲ್ಲ

ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷ. ಅಷ್ಟು ಖಚಿತವಾಗಿ ಹೇಗೆ ಗೊತ್ತು ಎಂದು ನೀವು ಕೇಳಬಹುದು. ಗಡಿಯಾರ ನೋಡಿಕೊಂಡು ಬದುಕುವ ಮನುಷ್ಯ ನಾನಲ್ಲ. ಆದರೆ ಮೊಬೈಲಿನಲ್ಲಿ ಬಂದ ಕರೆಗಳ ಪಟ್ಟಿ ಇರುತ್ತದಲ್ಲ, ಅದರಲ್ಲಿ ಕಾರ್ತಿಕದ ಮೊದಲ ಸೋಮವಾರದ ಆ ಕರೆ ಇನ್ನೂ ಉಳಿದಿದೆ. ನಿನ್ನೆ ಬೆಳಗ್ಗೆ ಯಾರದೋ ನಂಬರು ಹುಡುಕುತ್ತ ಬೆರಳು ಜಾರಿಸುವಾಗ ಮತ್ತೆ ಎದುರಾಯಿತು. ನೋಡಿದ್ದೇ ತಡ, ಕಾಲೇಜಿನ ಸ್ಟಾಫ್ ರೂಮಿನಲ್ಲಿ ಕೂತಿದ್ದವನ ಮೂಗಿಗೆ ಅಟ್ಟದ ಹೊಗೆ ಹಿಡಿದ ಕೊಬ್ಬರಿಯ ವಾಸನೆ ಬಂತು. ಬಲಗೈ ತಾನಾಗಿ ಮುಷ್ಟಿ ಕಟ್ಟಿತು.

ಕರೆ ಮಾಡಿದ್ದವಳು ನನ್ನ ವಿದ್ಯಾರ್ಥಿನಿ. ನಾನು ತಿಪಟೂರಿನಲ್ಲಿ ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಹೇಳುತ್ತೇನೆ. ಮನುಷ್ಯನ ಹೃದಯ, ಮೂತ್ರಪಿಂಡ, ಜೀರ್ಣಾಂಗ ಎಲ್ಲವನ್ನೂ ಬಣ್ಣದ ಸೀಮೆಸುಣ್ಣದಲ್ಲಿ ಬರೆಯಬಲ್ಲೆ. ಮೇದೋಜೀರಕ ಗ್ರಂಥಿಯನ್ನಂತೂ ಕಣ್ಣು ಮುಚ್ಚಿಕೊಂಡು ಬರೆಯುತ್ತೇನೆ ಎಂದು ಹೇಳಿಕೊಂಡು ತಿರುಗಿದವನು ನಾನು. ಆ ಹುಡುಗಿ ಕೇಳಿದ್ದು ಇಷ್ಟೇ: "ಸಾರ್, ಟೆಸ್ಟಿಗೆ ಇನ್ಸುಲಿನ್ ಬರುತ್ತಾ?"

"ಅದು ಬುಡಮ್ಮ, ಈ ಸಲ ಬರಲ್ಲ," ಅಂದೆ.

ಕಣ್ಣು ಮುಚ್ಚಿಕೊಂಡು ಬರೆಯುತ್ತಿದ್ದವನು ಕಣ್ಣು ಬಿಟ್ಟುಕೊಂಡು ನೋಡಿದ್ದು ಅದಾದ ಮೇಲೆ.

ನಮ್ಮದು ಬಿಳಿಗೆರೆ ಕಡೆಯ ಹಳೆಯ ತೊಟ್ಟಿಮನೆ. ತಲೆಯ ಮೇಲೆ ಅಟ್ಟ, ಅಟ್ಟದ ತುಂಬ ತೆಂಗಿನಕಾಯಿ. ಸಿಪ್ಪೆ ಸುಲಿಯದೆ ಮೇಲೆ ಹಾಕಿದ ಕಾಯಿ ಹತ್ತು ಹನ್ನೊಂದು ತಿಂಗಳು ಅಲ್ಲೇ ಮಲಗಿರುತ್ತದೆ. ಒಳಗಿನ ನೀರು ನಿಧಾನವಾಗಿ ಇಂಗುತ್ತದೆ, ತಿರುಳು ಒಣಗಿ ಚಿಪ್ಪು ಬಿಡುತ್ತದೆ. ಆಮೇಲೆ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗೆ ಕೊಬ್ಬರಿ ಲೊಟಲೊಟ ಎನ್ನಬೇಕು. ಅಲ್ಲಾಡಿತು ಅಂದರೆ ಆಯಿತು, ಕೆಳಗಿಳಿಸಬಹುದು. ಅಲ್ಲಿಯವರೆಗೂ ಅವು ಸುಮ್ಮನಿರುತ್ತವೆ ಎಂದುಕೊಳ್ಳಬೇಡಿ. ನೀರು ಇಂಗಿದಂತೆ ತೂಕ ಸರಿದು ಒಂದೊಂದು ಕಾಯಿ ತಾನಾಗಿ ಉರುಳುತ್ತದೆ. ಚಿಕ್ಕವನಿದ್ದಾಗ ನಾನು ಹೆದರಿದರೆ ನಮ್ಮವ್ವ, "ಕಾಯಿ ಮಗ್ಗುಲಾಯ್ತು ಕಣ್ಲಾ ಮರಿ, ಮಲ್ಕೋ" ಅನ್ನುತ್ತಿದ್ದಳು. ಅವ್ವ ತೀರಿಕೊಂಡು ಆರು ವರ್ಷ. ನನ್ನನ್ನು ಮರಿ ಎಂದು ಕರೆಯುವವರು ಅವಳ ಜೊತೆಗೇ ಮುಗಿದರು.

ಈಗ ಮನೆ ನಡೆಸುವವರು ಅತ್ತಿಗೆ, ಅಣ್ಣನ ಹೆಂಡತಿ. ಐವತ್ತು ದಾಟಿದ, ಒಂದು ಗಳಿಗೆ ಸುಮ್ಮನೆ ಕೂರದ ಹೆಂಗಸು. ನಾನು ಕೆಲಸಕ್ಕೆ ಸೇರಿದ ದಿನದಿಂದ ನನ್ನನ್ನು ಅವರು ಕರೆಯುವುದು "ಮೇಷ್ಟ್ರೇ" ಎಂದು, ಬಹುವಚನದಲ್ಲಿ. ಅದರಲ್ಲಿ ಗೌರವ ಎಷ್ಟು, ಗೇಲಿ ಎಷ್ಟು ಎಂದು ಇಪ್ಪತ್ತು ವರ್ಷವಾದರೂ ನನಗೆ ಬಗೆಹರಿದಿಲ್ಲ.

ಅತ್ತಿಗೆಗೆ ಮೂರು ವರ್ಷದಿಂದ ಶುಗರ್ ಇದೆ. ಈ ಮಾತನ್ನು ಸ್ವಲ್ಪ ನೋಡಿ. ನಮ್ಮ ಕಡೆ ಯಾರೂ ಮಧುಮೇಹ ಅನ್ನುವುದಿಲ್ಲ. "ಅವರಿಗೆ ಶುಗರ್ ಇದೆ," "ಇವರಿಗೂ ಬಂತಂತೆ" ಅನ್ನುತ್ತೇವೆ, ಮನೆಗೆ ನೆಂಟರು ಬಂದ ಹಾಗೆ. ಇದೆ ಅಂದ ಮೇಲೆ ಇದ್ದೇ ಇರುತ್ತದೆ. ಇರುವುದು ಇಲ್ಲವಾಗುವ ಹೊತ್ತೂ ಒಂದು ಬರಬಹುದು ಎನ್ನಲು ನಮ್ಮ ಮಾತಿನಲ್ಲಿ ಜಾಗವೇ ಇಲ್ಲ. ನನ್ನ ಪಠ್ಯಪುಸ್ತಕದಲ್ಲಿ ಇತ್ತು. ಆದರೆ ಪುಸ್ತಕ ಕಾಲೇಜಿನಲ್ಲಿತ್ತು.

ಆ ಸೋಮವಾರ ಅತ್ತಿಗೆಗೆ ಒಪ್ಪತ್ತು. ಕಾರ್ತಿಕ ಸೋಮವಾರಗಳಲ್ಲಿ ನಮ್ಮ ಮನೆಯ ಹೆಂಗಸರು ಸಂಜೆ ಪೂಜೆ ಮುಗಿಯುವ ತನಕ ಊಟ ಮುಟ್ಟುವುದಿಲ್ಲ. ಹಿಂದಿನ ವಾರವಷ್ಟೇ ಡಾಕ್ಟರು ಹೊಸ ಮಾತ್ರೆ ಸೇರಿಸಿ, ತಿಂಡಿಗೆ ಅರ್ಧ ಗಂಟೆ ಮುಂಚೆ ನುಂಗಿ ಎಂದಿದ್ದರು. ಬೆಳಗ್ಗೆ ಅತ್ತಿಗೆ ಮಾತ್ರೆಯನ್ನು ಅಂಗೈಯಲ್ಲಿಟ್ಟುಕೊಂಡು ನನ್ನನ್ನೇ ಕೇಳಿದರು.

"ಮೇಷ್ಟ್ರೇ, ಮಾತ್ರೆ ನುಂಗಿದ್ರೆ ಒಪ್ಪತ್ತು ಕೆಡ್ತದಾ?"

"ಮಾತ್ರೆ ಏನು ಊಟನಾ ಅತ್ತಿಗೆ? ಕೆಡಲ್ಲ, ನುಂಗಿ."

ನುಂಗಿದರು. ಸಕ್ಕರೆ ಹಾಕದ ಕಾಫಿ ಕುಡಿದರು. ದೇವರ ವಿಷಯದಲ್ಲಿ ನಾನು ಕೊಟ್ಟ ಉತ್ತರ ಸರಿಯಾಗಿಯೇ ಇತ್ತು. ಮಾತ್ರೆಯ ವಿಷಯದಲ್ಲಿ ಯಾರೂ ಕೇಳಲಿಲ್ಲ, ನಾನೂ ಯೋಚಿಸಲಿಲ್ಲ.

ಅಣ್ಣ ತುರುವೇಕೆರೆಗೆ ಹೋಗಿದ್ದ. ನನ್ನ ಹೆಂಡತಿ ತಾನು ಪಾಠ ಹೇಳುವ ಶಾಲೆಯಲ್ಲಿದ್ದಳು. ಕಾಯಿ ಸುಲಿಯಲು ರಂಗಪ್ಪ ಬರುತ್ತಾನೆಂದು ನಾನು ರಜೆ ಹಾಕಿದ್ದೆ. ಹಿಂದಿನ ದಿನವೇ ಅರ್ಧ ಅಟ್ಟ ಇಳಿಸಿ ಅಂಗಳದಲ್ಲಿ ರಾಶಿ ಹಾಕಿದ್ದೆವು. ಹುಡುಗಿಯ ಜೊತೆ ಮಾತು ಮುಗಿಸಿ ಫೋನು ಜೇಬಿಗಿಟ್ಟುಕೊಳ್ಳುವಾಗ ಮನೆಯೊಳಗೆ, ಮೇಲೆ, ಒಂದು ಕಾಯಿ ಉರುಳಿದ ಸದ್ದಾಯಿತು. ಅರ್ಧ ಖಾಲಿಯಾದ ಅಟ್ಟದಲ್ಲಿ ಸದ್ದು ಬಹಳ ದೂರ ಹೋಯಿತು, ಯಾರೋ ನಡೆದ ಹಾಗೆ. ಅತ್ತಿಗೆ ಮೇಲೆ ಹತ್ತಿರಬೇಕು ಎಂದು ಒಳಗೆ ಹೋದೆ.

ಅತ್ತಿಗೆ ಏಣಿಯ ಬುಡದಲ್ಲಿ ಕೂತಿದ್ದರು. ಕಂಬಕ್ಕೆ ಬೆನ್ನು ಕೊಟ್ಟು, ಒಂದು ಕಾಲು ಚಾಚಿ, ಇನ್ನೊಂದು ಮಡಿಸಿ. ಆ ಜಾಗದಲ್ಲಿ ಹಾಗೆ ಕೂರುತ್ತಿದ್ದವಳು ನಮ್ಮವ್ವ. ಕಾರ್ತಿಕದ ತಣ್ಣನೆಯ ಗಾಳಿಯಲ್ಲೂ ಅತ್ತಿಗೆಯ ಕುಪ್ಪಸ ಬೆವರಿಗೆ ತೊಯ್ದು ಅಂಟಿಕೊಂಡಿತ್ತು. ಕಣ್ಣು ಅಟ್ಟದ ಕತ್ತಲೆಯಲ್ಲಿ ನೆಟ್ಟಿತ್ತು.

"ಅತ್ತಿಗೆ?"

"ಲೇ ಮರಿ, ಬಂದ್ಯಾ?"

ನಾನು ಹೊಸಿಲಲ್ಲೇ ನಿಂತೆ. ಹೊರಗೆ ರಂಗಪ್ಪ ಸಿಪ್ಪೆ ಸೀಳುವ ಸದ್ದು ಕೇಳುತ್ತಿತ್ತು, ಬಿಸಿಲು ಅಂಗಳದಲ್ಲೇ ಇತ್ತು.

"ಮ್ಯಾಲೆ ಯಾರೋ ಓಡಾಡ್ತಾವ್ರೆ ಕಣ್ಲಾ," ಅಂದರು ಅತ್ತಿಗೆ. ಧ್ವನಿ ಅವರದೇ, ಆದರೆ ಮಾತು ಎಳೆಯುವ ರೀತಿ ಅವ್ವನದು. "ಕಾಯಿ ಒಂದೊಂದೇ ಎತ್ತಿ ಅಲ್ಲಾಡ್ಸಿ ನೋಡ್ತಾವ್ರೆ. ಇದಿನ್ನೂ ಆಗಿಲ್ಲ, ಇದಿನ್ನೂ ಆಗಿಲ್ಲ ಅಂತಾವ್ರೆ." ಆಮೇಲೆ ತಮ್ಮ ತಲೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. "ಇದನ್ನೂ ಅಲ್ಲಾಡ್ಸಿದ್ರು. ಇದು ಆಗೈತೆ ಅಂದ್ರು."

ಕೂಗಿದ್ದು ನಾನಲ್ಲ, ಮಜ್ಜಿಗೆ ಕೇಳಲು ಬಂದ ರಂಗಪ್ಪ. ಅವನ ಕೂಗಿಗೆ ಪಕ್ಕದ ಮನೆಯ ನಂಜಮ್ಮ ಬಂದಳು. ಎಪ್ಪತ್ತು ದಾಟಿದ ಮುದುಕಿ, ಅವ್ವನ ಜೊತೆಗಾತಿ. ಅವಳು ಹೆದರಲಿಲ್ಲ. ಅತ್ತಿಗೆಯ ಎದುರು ಕುಕ್ಕುರುಗಾಲಲ್ಲಿ ಕೂತು ಗಲ್ಲ ಹಿಡಿದೆತ್ತಿ ಕೇಳಿದಳು.

"ಯಾರವ್ವ ನೀನು?"

"ನಾನೇ ಕಣೇ ನಂಜಿ. ನನ್ ಸೊಸೆ ಹಸ್ಕೊಂಡವ್ಳೆ. ಒಸಿ ಬೆಲ್ಲ ಕೊಡೇ."

ನಂಜಿ ಎಂದು ಅವಳನ್ನು ಕರೆಯುತ್ತಿದ್ದವಳು ಇಡೀ ಊರಲ್ಲಿ ನಮ್ಮವ್ವ ಒಬ್ಬಳೇ. ನಂಜಮ್ಮನ ಕಣ್ಣಲ್ಲಿ ನೀರು ಬಂತು. "ನಿಮ್ಮವ್ವ ಕಣಪ್ಪ," ಅಂದಳು ನನಗೆ. "ಕೇಳಿದ್ದು ಕೊಟ್ಟು ಕಳಿಸಾನ." ಅಡುಗೆಮನೆಗೆ ಹೋಗಿ ಒಂದು ತುಂಡು ಬೆಲ್ಲ ತಂದಳು.

ಆಗ ನಾನು ಮಾಡಿದ್ದನ್ನು ಹೇಳಲೇಬೇಕು. ಈ ಬರಹ ಶುರು ಮಾಡಿದ್ದೇ ಅದಕ್ಕೆ. ನಂಜಮ್ಮನ ಕೈಯಿಂದ ಬೆಲ್ಲ ಕಿತ್ತುಕೊಂಡೆ.

"ಶುಗರ್ ಇರೋರಿಗೆ ಬೆಲ್ಲ ಕೊಡ್ತಾರೇನಮ್ಮ? ಅದು ಅವರಿಗೆ ವಿಷ."

ಮೂಢನಂಬಿಕೆಯ ಬಾಯಿಂದ ಒಂದು ಜೀವ ಉಳಿಸಿದೆ ಎಂಬ ಸಣ್ಣ ಹೆಮ್ಮೆಯೂ ಆ ಗಳಿಗೆಯಲ್ಲಿ ಬಂದಿತ್ತು ಎಂದರೆ ನಂಬುತ್ತೀರಾ? ಕಾರು ತೆಗೆಯುತ್ತೇನೆ ಎಂದು ಕೀ ಹುಡುಕಲು ಹೊರಟೆ. ಕೀ ಗೂಡಿನಲ್ಲಿರಲಿಲ್ಲ, ಷರ್ಟಿನಲ್ಲಿರಲಿಲ್ಲ. ಹುಡುಕುವಷ್ಟು ಹೊತ್ತೂ ಬೆಲ್ಲ ನನ್ನ ಮುಷ್ಟಿಯಲ್ಲೇ ಇತ್ತು. ಬೆವರಿಗೆ ಕರಗಿ ಬೆರಳಿಗೆ ಬೆರಳು ಅಂಟಿತ್ತು. ಕೊನೆಗೆ ಕೀ ಸಿಕ್ಕಿದ್ದು ಫ್ರಿಜ್ಜಿನ ಮೇಲೆ. ವಾಪಸು ಬಂದಾಗ ಅತ್ತಿಗೆ ಮಾತು ನಿಲ್ಲಿಸಿದ್ದರು. ಕೈ ನಡುಗುತ್ತಿತ್ತು, ರೆಪ್ಪೆ ಅರ್ಧ ಇಳಿದಿತ್ತು, ತುಟಿ ಮಾತ್ರ ಸದ್ದಿಲ್ಲದೆ ಆಡುತ್ತಿತ್ತು.

"ಮೇಷ್ಟ್ರೇ, ಓದಿರೋರು ನೀವು," ಅಂದ ರಂಗಪ್ಪ. "ಏನ್ ಮಾಡಾನ ಹೇಳಿ."

ಓದಿರೋನು ಎಡಗೈಯಲ್ಲಿದ್ದ ಕೀ ಎತ್ತಿ ತೋರಿಸಿದ.

ನಂಜಮ್ಮ ಎದ್ದು ಬಂದು ನನ್ನ ಮಣಿಕಟ್ಟು ಹಿಡಿದಳು. "ಸತ್ತೋಳು ಕೇಳಿದ್ದನ್ನೇ ಕೊಡಲ್ಲ ಅಂತೀಯಲ್ಲಪ್ಪ, ಬದುಕಿರೋಳು ಹೋದ್ರೆ ಆಮೇಲೆ ಎಡೆ ಇಕ್ತೀಯಾ?" ಎಂದು ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ನಾನಾಗಿ ಬಿಚ್ಚಲಿಲ್ಲ, ಇದು ನಿಮಗೆ ಗೊತ್ತಿರಲಿ. ಕರಗಿದ ಬೆಲ್ಲವನ್ನು ಬೆರಳಲ್ಲಿ ತೆಗೆದು ಅತ್ತಿಗೆಯ ಕೆನ್ನೆಯ ಒಳಬದಿಗೆ, ಒಸಡಿಗೆ ಸವರಿದಳು. ಮತ್ತೆ ಸವರಿದಳು. "ತಗೊಳ್ಳೇ, ತಿಂದು ನಿನ್ ದಾರಿ ನೀನು ನೋಡ್ಕೊ. ಇವಳನ್ನ ಬುಡು," ಅನ್ನುತ್ತಲೇ ಇದ್ದಳು.

ಎಷ್ಟು ಹೊತ್ತೋ. ಅತ್ತಿಗೆ ತುಟಿ ಚಪ್ಪರಿಸಿದರು. ಇನ್ನಷ್ಟು ಬೆಲ್ಲ ಒಳಗೆ ಹೋಯಿತು. ಕಣ್ಣು ಅಟ್ಟದಿಂದ ಇಳಿದು, ಏಣಿ ಇಳಿದು, ನನ್ನ ಮುಖದ ಮೇಲೆ ನಿಂತಿತು.

"ಇದೇನ್ ಮೇಷ್ಟ್ರೇ, ಕೀ ಹಿಡ್ಕೊಂಡು ಮದ್ವೆಗೆ ಹೊರಟೋರ ಥರ ನಿಂತಿದೀರಿ?" ಅಂದರು. ಆಮೇಲೆ ನಾಲಗೆ ಆಡಿಸಿ ಗಾಬರಿಯಾದರು. "ಅಯ್ಯೋ, ನನ್ ಒಪ್ಪತ್ತು ಕೆಡಿಸಿದೋರು ಯಾರು?"

ತಿಪಟೂರಿನ ಆಸ್ಪತ್ರೆಯಲ್ಲಿ ಬೆರಳು ಚುಚ್ಚಿ ನೋಡಿದರು. ಅಷ್ಟು ಬೆಲ್ಲ ತಿಂದ ಮೇಲೂ ಸಕ್ಕರೆ ಇರಬೇಕಾದ್ದಕ್ಕಿಂತ ಕಡಿಮೆಯೇ ಇತ್ತು. ಗ್ಲೂಕೋಸ್ ಏರಿಸಿದರು. ಈ ಮಾತ್ರೆಯ ಪ್ರಭಾವಕ್ಕೆ ಸಕ್ಕರೆ ಮತ್ತೆ ಇಳಿಯಬಹುದು ಎಂದು ಆ ರಾತ್ರಿ ಅಲ್ಲೇ ಇಟ್ಟುಕೊಂಡರು. ಡಾಕ್ಟರು ಸಣ್ಣ ವಯಸ್ಸಿನ ಹೆಣ್ಣುಮಗಳು.

"ಬೆಲ್ಲ ಕೊಟ್ಟೋರು ಯಾರು?" ಎಂದು ಕೇಳಿದರು.

"ನಾನು ಕಣ್ರವ್ವ," ಅಂದಳು ನಂಜಮ್ಮ, ಬೈಗುಳಕ್ಕೆ ಸಿದ್ಧಳಾಗಿ. "ನಾನಾಗಿ ಕೊಡ್ಲಿಲ್ಲ. ಅವರತ್ತೆ ಕೇಳಿದ್ರು."

"ಯಾರು ಕೇಳಿದ್ರೋ, ಒಳ್ಳೇದಾಯ್ತು. ಇನ್ನೂ ತಡ ಆಗಿದ್ರೆ ಕಷ್ಟ ಇತ್ತು. ಮಾತ್ರೆ ನುಂಗಿ ಊಟ ಬಿಟ್ರೆ ರಕ್ತದಲ್ಲಿ ಸಕ್ಕರೆ ಇಳಿದುಬಿಡುತ್ತೆ. ಮೆದುಳಿಗೆ ಬೇಕಾಗಿರೋದೇ ಅದು. ಬೆವರು, ನಡುಕ, ಏನೇನೋ ಮಾತು, ಎಲ್ಲ ಅದರಿಂದ. ನುಂಗೋ ಸ್ಥಿತಿಯಲ್ಲಿದ್ರೆ ತಕ್ಷಣ ಸಿಹಿ ಕೊಡಿ. ಪೂರಾ ಎಚ್ಚರ ತಪ್ಪಿದ್ರೆ ಮಾತ್ರ ಬಾಯಿಗೆ ಏನೂ ಹಾಕದೆ ಕರ್ಕೊಂಡು ಬನ್ನಿ." ಆಮೇಲೆ ನನ್ನ ಕಡೆ ತಿರುಗಿದರು. "ನೀವು ಏನು ಮಾಡ್ಕೊಂಡಿದೀರಿ?"

"ಲೆಕ್ಚರರ್."

"ಯಾವ ಸಬ್ಜೆಕ್ಟು?"

"ಕನ್ನಡ," ಅಂದೆ.

ಅಂದಿನಿಂದ ನನಗೆ ನಿದ್ದೆ ಹೋಯಿತು. ಕಣ್ಣು ಮುಚ್ಚಿದರೆ ಮುಷ್ಟಿ ಬಿಗಿಯುತ್ತಿತ್ತು. ಮೇಲೆ ಕಾಯಿ ಉರುಳಿದರೆ, ಯಾರೋ ಒಂದೊಂದೇ ಎತ್ತಿ ಕಿವಿಗಿಟ್ಟು ನೋಡುತ್ತಿದ್ದಾರೆ ಅನ್ನಿಸುತ್ತಿತ್ತು. ನನಗೆ ಉತ್ತರ ಗೊತ್ತು, ಯಾರು ಕೇಳಿದರೂ ಹೇಳಬಲ್ಲೆ. ಅವ್ವನ ಮಾತು, ಅವ್ವ ಕೂರುವ ರೀತಿ, ಇಪ್ಪತ್ತೈದು ವರ್ಷ ಜೊತೆಗಿದ್ದ ಸೊಸೆಯ ನೆನಪಿನಲ್ಲಿ ಇದ್ದೇ ಇರುತ್ತದೆ. ಸಕ್ಕರೆಯಿಲ್ಲದ ಮೆದುಳು ಅದನ್ನು ಎಳೆದು ಹೊರಗೆ ಹಾಕಿತು. ಒಪ್ಪುತ್ತೇನೆ. ಆದರೆ ಆ ಹೊತ್ತಿನಲ್ಲಿ ಆ ದೇಹಕ್ಕೆ ಬೇಕಾಗಿದ್ದದ್ದು ಒಂದೇ ವಸ್ತು. ಅದನ್ನು ಹೆಸರು ಹಿಡಿದು ಕೇಳಿದವರು ಯಾರು? ಅತ್ತಿಗೆಗೆ ಇವತ್ತಿಗೂ ಆ ಮಧ್ಯಾಹ್ನದ ಒಂದಕ್ಷರ ನೆನಪಿಲ್ಲ.

ಕಾಲೇಜಿನಲ್ಲಿ ಮೇದೋಜೀರಕ ಗ್ರಂಥಿಯನ್ನು ಪುಸ್ತಕ ತೆರೆದಿಟ್ಟುಕೊಂಡು ನೋಡಿ ಬರೆದೆ. ಫೋನು ಮಾಡಿದ್ದ ಹುಡುಗಿ ಮುಂದಿನ ಬೆಂಚಿನಲ್ಲಿದ್ದಳು. "ಅವತ್ತು ನಾನು ಹೇಳಿದ್ದು ತಪ್ಪು, ಇದು ಬರುತ್ತೆ," ಅಂದೆ. ಮಕ್ಕಳು ಪುಸ್ತಕದಲ್ಲಿ ಮುಖ್ಯ ಎಂದು ಗುರುತು ಹಾಕಿಕೊಂಡರು.

ನಿನ್ನೆ ಕಾರ್ತಿಕದ ಕೊನೆಯ ಸೋಮವಾರ. ಬೆಳಗ್ಗೆ ಅತ್ತಿಗೆ ಮಾತ್ರೆ ನುಂಗಿ, ಅರ್ಧ ಗಂಟೆ ಬಿಟ್ಟು ಎರಡು ರೊಟ್ಟಿ ತಿಂದರು.

"ಒಪ್ಪತ್ತು?" ಅಂದೆ.

"ಊಟದ ಬದಲು ಕಾಫಿ ಬಿಟ್ಟಿದೀನಿ ಮೇಷ್ಟ್ರೇ. ಯಾವುದು ಕಷ್ಟ ಅಂತ ಶಿವನಿಗೆ ಗೊತ್ತಾಗಲ್ವಾ?"

ಸಂಜೆ ಪೂಜೆ ಮುಗಿಸಿ ಕೊಬ್ಬರಿ ಬೆಲ್ಲ ಹಂಚುತ್ತ ಬಂದರು. ನಂಜಮ್ಮನಿಗೆ ಕೊಟ್ಟರು, ಅಣ್ಣನಿಗೆ, ನನ್ನ ಹೆಂಡತಿಗೆ ಕೊಟ್ಟರು. ನನ್ನ ಮುಂದೆ ನಿಂತು, "ಕೈ ಬಿಚ್ಚಿ ಮೇಷ್ಟ್ರೇ" ಅಂದರು. ಮುಷ್ಟಿ ಕಟ್ಟಿದ್ದು ನನಗೇ ಗೊತ್ತಿರಲಿಲ್ಲ. ನಂಜಮ್ಮ ನನ್ನ ಕೈಯನ್ನೇ ನೋಡುತ್ತಿದ್ದಳು. ಈ ಸಲ ಬೆರಳುಗಳನ್ನು ನಾನೇ ಬಿಚ್ಚಿದೆ.

ಮಲಗಿ ಸ್ವಲ್ಪ ಹೊತ್ತಾಗಿರಬೇಕು. ಮೇಲೆ ಕಾಯಿ ಉರುಳಿತು, ಈ ಗೋಡೆಯಿಂದ ಆ ಗೋಡೆಯವರೆಗೆ. ಆಚೆ ಕೋಣೆಯಿಂದ ಅತ್ತಿಗೆಯ ನಿದ್ದೆಗಣ್ಣಿನ ಮಾತು ಕೇಳಿತು: "ಕಾಯಿ ಮಗ್ಗುಲಾಯ್ತು, ಮಲ್ಕೊಳ್ಳಿ ಮೇಷ್ಟ್ರೇ."

ಆಗಲೇ ನೆನಪಾಯಿತು. ಉಳಿದಿದ್ದ ಕಾಯಿಯನ್ನೆಲ್ಲ ಅಣ್ಣ ಶನಿವಾರವೇ ಇಳಿಸಿದ್ದ. ಏಣಿ ಹತ್ತಿ ಅಟ್ಟ ಗುಡಿಸಿದವನು ನಾನೇ. ಮೇಲೆ ಒಂದು ಕಾಯಿಯೂ ಇರಲಿಲ್ಲ.

ಎದ್ದು ಕೂರಬೇಕಿತ್ತು. ಕೂರಲಿಲ್ಲ. ಸೊಸೆ ಹಸಿದದ್ದು ಮನೆಯಲ್ಲಿ ಓದಿದವನಿಗಿಂತ ಮೊದಲು ಯಾರಿಗೆ ಗೊತ್ತಾಯಿತೋ ಅವರು ಮೇಲೆ ಇದ್ದರೆ ಇರಲಿ ಅನ್ನಿಸಿತು. ಅಂಗೈಯಲ್ಲಿ ಬೆಲ್ಲದ ಅಂಟು ಇನ್ನೂ ಇತ್ತು. ಕೈಯನ್ನು ಹಾಗೇ ಬಿಚ್ಚಿಟ್ಟುಕೊಂಡು ಪಕ್ಕಕ್ಕೆ ಹೊರಳಿದೆ. ಕಣ್ಣು ಬಿಟ್ಟಾಗ ಬಿಸಿಲು ತೊಟ್ಟಿಗೆ ಇಳಿದಿತ್ತು, ಮಂಗಳವಾರವಾಗಿತ್ತು.