ಹಟ್ಟಿಗೆ ಒಯ್ದ ಕೋಳಿಮರಿಗಳು

ಚಳ್ಳಕೆರೆಯ ನಮ್ಮ ಚರ್ಚ್ ಸಭೆಯ ಮಹಿಳಾ ಸಂಘಕ್ಕೆ ಆ ವರ್ಷ ನಾನೇ ಕಾರ್ಯದರ್ಶಿ. ಒಂದು ಭಾನುವಾರ ಆರಾಧನೆಯಲ್ಲಿ ಪಾಸ್ಟರ್ ನೆರೆಯವರನ್ನು ಪ್ರೀತಿಸುವುದರ ಬಗ್ಗೆ ಮನಮುಟ್ಟುವಂತೆ ಮಾತಾಡಿದರು. ಅದನ್ನು ಕೇಳಿ ಬಂದವಳೇ, ನನ್ನಿವಾಳದ ಆಚೆಗಿನ ಒಂದು ಹಟ್ಟಿಯಲ್ಲಿ ಮನೆಮನೆಗೂ ಕೋಳಿಮರಿ ಹಂಚೋಣವೆಂದು ಸೂಚಿಸಿದೆ. ಮೊಟ್ಟೆ ಮಾರಿ ಆ ಹೆಂಗಸರು ಕೈಯಲ್ಲಿ ನಾಲ್ಕು ಕಾಸು ನೋಡಲಿ ಎಂಬುದು ನನ್ನ ಆಸೆ. ಎಲ್ಲರೂ ಒಪ್ಪಿದರು. ಹಟ್ಟಿಯವರನ್ನೊಮ್ಮೆ ಕೇಳಬೇಕೆಂದು ಯಾರಿಗೂ ತೋಚಲಿಲ್ಲ.

ಮೊಳಕಾಲ್ಮೂರಿನಿಂದ ಮರಿಗಳನ್ನು ತಂದ ಟೆಂಪೊ ಡ್ರೈವರ್ ದಾರಿಯಲ್ಲಿ, "ಅಕ್ಕಾ, ಆ ಹಟ್ಟಿಗೆ ಕೋಳೀನಾ? ಕೇಳಿದೀರೇನ್ರಿ?" ಅಂದ.

"ಪುಕ್ಕಟೆ ಕೊಟ್ರೆ ಯಾರು ಬ್ಯಾಡ ಅಂತಾರಪ್ಪಾ?" ಎಂದು ನಕ್ಕುಬಿಟ್ಟೆ.

ಹಟ್ಟಿಯ ಬಾಯಲ್ಲೇ ಒಬ್ಬ ಅಜ್ಜಿ ಕೈ ಅಡ್ಡ ಹಿಡಿದು ನಿಂತರು. "ಒಳಗೆ ತರಬ್ಯಾಡ್ರಿ ತಾಯಿ. ನಾವು ಮ್ಯಾಸನಾಯಕ್ರು. ಕೋಳಿ ಸಾಕಂಗಿಲ್ಲ, ತಿನ್ನಂಗಿಲ್ಲ. ನಮ್ಮ ದೇವ್ರಿಗೆ ಆಗಲ್ಲ."

"ಈ ಕಾಲದಾಗೂ ಇದೇನಜ್ಜಿ? ಮೊದ್ಲು ಮಕ್ಕಳ ಹೊಟ್ಟೆ ನೋಡ್ರಿ" ಎಂದೆ. ಅವರ ಸೊಸೆ, ಮೊಮ್ಮಕ್ಕಳ ಎದುರಿಗೇ ಅಂದೆ. ಅಜ್ಜಿ ಅಡ್ಡ ಹಿಡಿದ ಕೈ ಇಳಿಸಿದರು. ನಾವು ಬುಟ್ಟಿಗಳನ್ನು ಅಲ್ಲೇ ಇಳಿಸಿ, ಪ್ರಾರ್ಥನೆ ಮಾಡಿ, ಫೋಟೊ ತೆಗೆಸಿಕೊಂಡು ಹಿಂದಿರುಗಿದೆವು.

ವಾರ ಬಿಟ್ಟು ಒಬ್ಬಳೇ ನೋಡಲು ಹೋದೆ. ಹಟ್ಟಿಯಿಂದಾಚೆ, ಜಾಲಿ ಮರದ ಕೆಳಗೆ ಮುಳ್ಳಿನ ಬೇಲಿ ಕಟ್ಟಿ ಮರಿಗಳನ್ನೆಲ್ಲ ಅದರೊಳಗೆ ಬಿಟ್ಟಿದ್ದರು. ಅಜ್ಜಿ ಕೋಲು ಹಿಡಿದು ಬಿಸಿಲಲ್ಲಿ ಕೂತಿದ್ದರು. ದೂರದಿಂದಲೇ ಕಾಳು ಎಸೆಯುತ್ತಿದ್ದರು.

"ಇದೇನಜ್ಜಿ, ಹಿಂಗೆ ಬಿಸಿಲಾಗೆ?"

"ಹದ್ದು ಹೊತ್ಕೊಂಡು ಹೋಗ್ತಾವೆ. ನಾನೂ ಸೊಸೇನೂ ಪಾಳಿ ಮ್ಯಾಲೆ ಕಾಯ್ತೀವಿ. ಅವ್ಳು ವಾರದಿಂದ ಕೂಲಿಗೆ ಹೋಗಿಲ್ಲ. ಜೀವ ಅಲ್ವೇನ್ರಿ, ಸಾಯಾಕೆ ಬಿಡಾಕಾಗ್ತೈತಾ?"

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸಲೀಸಾಗುತ್ತಿತ್ತು. ನಾನು ಹುಟ್ಟಿ ಬೆಳೆದದ್ದು ಇದೇ ತಾಲ್ಲೂಕಿನಲ್ಲಿ. ಇಷ್ಟು ವರ್ಷ ಈ ಜನರ ಪಕ್ಕದಲ್ಲೇ ಇದ್ದು, ಅವರು ಏನು ಉಣ್ಣುತ್ತಾರೆ, ಏನು ಬಿಡುತ್ತಾರೆ ಎಂದು ಒಂದು ದಿನವೂ ವಿಚಾರಿಸಿರಲಿಲ್ಲ.

"ತಪ್ಪಾಯ್ತಜ್ಜಿ" ಎಂದೆ. ಬೇಲಿಯೊಳಗೆ ಬಗ್ಗಿ ಮರಿಗಳನ್ನು ಒಂದೊಂದಾಗಿ ಹಿಡಿದು ಬುಟ್ಟಿಗೆ ತುಂಬಿದೆ. ಮುಗಿದ ಮೇಲೆ ಅಜ್ಜಿ, ಕೋಳಿ ಮುಟ್ಟಿದ ನನ್ನ ಕೈಕಾಲಿಗೆ ನೀರು ಹೊಯ್ದು, "ಈಗ ಒಳಗೆ ಬರ್ರಿ, ಮಜ್ಜಿಗೆ ಕುಡೀರಿ" ಎಂದರು. ಕುಡಿಯುವಾಗ ತಲೆ ಎತ್ತಲಾಗಲಿಲ್ಲ.

ಮುಂದಿನ ಭಾನುವಾರ ಸಭೆಯಲ್ಲಿ ಎಲ್ಲರೂ ಮರಿಗಳ ಬಗ್ಗೆ ಕೇಳಿದರು. ನಮ್ಮ ಫೋಟೊ ಅಷ್ಟರಲ್ಲಾಗಲೇ ನೋಟಿಸ್ ಬೋರ್ಡಿನಲ್ಲಿತ್ತು. "ಯಾಕೋ ರೋಗ ಬಂತು, ವಾಪಸ್ ತಂದೆ" ಎಂದುಬಿಟ್ಟೆ. "ನಿಮ್ಮ ಸೇವೆಯನ್ನು ದೇವರು ಮರೆಯಲ್ಲ, ಸಿಸ್ಟರ್" ಎಂದು ಪಾಸ್ಟರ್ ಸಮಾಧಾನ ಹೇಳಿದರು. ಸುತ್ತಲಿನವರು ಆಮೆನ್ ಎಂದರು.

ಈಗಲೂ ಆಗಾಗ ಹಟ್ಟಿಗೆ ಹೋಗಿ ಅಜ್ಜಿಯ ಜೊತೆ ಕೂತು ಬರುತ್ತೇನೆ. ಅವರು ಕೋಳಿಮರಿಗಳ ಮಾತನ್ನು ಮತ್ತೆ ಎತ್ತಿಲ್ಲ. ಸಭೆಯಲ್ಲಿ ನಾನು ಇನ್ನೂ ನಿಜ ಹೇಳಿಲ್ಲ.