ಮಂಗಳ ಗ್ರಹದ ಸಿಟಿ ಬಸ್ಸು

ಆಗೆಲ್ಲ ಬೇಸಿಗೆ ರಜೆ ಬಂತೆಂದರೆ ಜಯಲಕ್ಷ್ಮಿಪುರಂನ ಮಕ್ಕಳು ನಾವು ಕಮಲಮ್ಮ ಟೀಚರ ಮನೆಯಲ್ಲೇ ಬಿದ್ದಿರುತ್ತಿದ್ದೆವು. ನಿವೃತ್ತರಾದ ಮೇಲೆ ಅವರು ಮುಂದಿನ ಕೋಣೆಯನ್ನೇ ಲೈಬ್ರರಿ ಮಾಡಿದ್ದರು. ಅಲ್ಲೊಂದು ನಿಯಮವಿತ್ತು. ಪುಸ್ತಕ ಹಿಂತಿರುಗಿಸುವಾಗ ಹಿಂಬದಿಗೆ ಅಂಟಿಸಿದ ಹಾಳೆಯಲ್ಲಿ ಮುಲಾಜಿಲ್ಲದೆ ಅಭಿಪ್ರಾಯ ಬರೆದು ಹೆಸರು ಹಾಕಬೇಕು. ಉಳಿದವರು ಅದನ್ನು ನೋಡಿಯೇ ಪುಸ್ತಕ ಒಯ್ಯುತ್ತಿದ್ದರು.

ಎಂಟನೇ ಕ್ಲಾಸು ಮುಗಿಸಿದ್ದ ನನಗೆ ವೈಜ್ಞಾನಿಕ ಕಾದಂಬರಿಗಳ ಹುಚ್ಚು. ಹೊಗಳಿ ಬರೆದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ತೆಗಳಿದರೆ ಟೀಚರ್ ಎಲ್ಲರಿಗೂ ಗಟ್ಟಿಯಾಗಿ ಓದಿ ಹೇಳಿ, “ಇವಳ ಕೈಗೆ ಸಿಕ್ಕಿದ್ರೆ ಮುಗೀತು ಕಣ್ರೀ!” ಎಂದು ನಗುತ್ತಿದ್ದರು. ನನಗೆ ಕೊಂಬು ಬಂದಿತ್ತು.

ಆ ರಜೆಯಲ್ಲಿ ಒಂದು ತೆಳ್ಳಗಿನ ಪುಸ್ತಕ ಬಂತು. ಹೆಬ್ಬಾಳದ ಕಾರ್ಖಾನೆಯೊಂದರಲ್ಲಿ ಪಾಳಿ ಕೆಲಸ ಮಾಡುವ ಬಸವರಾಜು ಎಂಬವರು ಬರೆದು, ತಾವೇ ಅಚ್ಚು ಹಾಕಿಸಿ, ಟೀಚರಿಗೆ ಒಂದು ಪ್ರತಿ ಕೊಟ್ಟಿದ್ದರು. ಮಾವಿನಕಾಯಿ ಹೋಳುಗಳಿಗೆ ಉಪ್ಪುಖಾರ ಹಚ್ಚಿಕೊಂಡು ತಿನ್ನುತ್ತ ಇಪ್ಪತ್ತು ಪುಟ ಓದಿದೆ. ಮಂಗಳ ಗ್ರಹ, ಕೆಂಪು ಧೂಳು, ಅದರ ನಡುವೆ ಪಾಳಿಗೆ ಹೋಗುವವರನ್ನು ತುಂಬಿಕೊಂಡ ಒಂದು ಸಿಟಿ ಬಸ್ಸು! ಅಷ್ಟರಲ್ಲಿ ಗೆಳತಿಯರು ಕುಂಟೆಬಿಲ್ಲೆಗೆ ಕರೆದರು. ಪುಸ್ತಕ ಮುಚ್ಚಿ ಬರೆದುಬಿಟ್ಟೆ: ‘ಪೂರ್ತಿ ಓದಿದೆ. ಮಂಗಳ ಗ್ರಹದಲ್ಲೂ ಸಿಟಿ ಬಸ್ಸು ಓಡಿಸುವ ಲೇಖಕರಿಗೆ ಕಲ್ಪನೆಯೇ ಇಲ್ಲ. ಯಾರೂ ಸಮಯ ಹಾಳುಮಾಡಿಕೊಳ್ಳಬೇಡಿ.’ ಟೀಚರ್ ಬಿದ್ದು ಬಿದ್ದು ನಕ್ಕರು. ಆಮೇಲೆ ಆ ಪುಸ್ತಕವನ್ನು ಯಾರೂ ಮುಟ್ಟಲಿಲ್ಲ.

ಹದಿನೈದು ದಿನದ ಮೇಲೆ ಪಾಳಿ ಮುಗಿಸಿಕೊಂಡು ಬಸವರಾಜು ಬಂದರು. ಎರಡನೇ ಕಾದಂಬರಿ ಬರೆದಿದ್ದೇನೆ, ಟೀಚರ್ ನೋಡಲಿ ಎಂದು ಊಟದ ಬ್ಯಾಗಿನಿಂದ ನೋಟ್‌ಬುಕ್ಕನ್ನು ಅರ್ಧ ಎಳೆದವರು, ಕಪಾಟಿನಲ್ಲಿದ್ದ ತಮ್ಮ ಪುಸ್ತಕ ಕಂಡು ಮೊದಲು ಅದನ್ನೇ ತೆಗೆದರು. ಹಾಳೆ ಓದಿ, ಅದರಲ್ಲಿದ್ದ ಹೆಸರು ಯಾರದೆಂದು ಕೇಳಿದರು. ನಾನು ಕೈ ಎತ್ತಿದೆ. ಪುಟ ತಿರುವಿದರು. ನನ್ನ ಬೆರಳಿನ ಖಾರದ ಕಲೆ ಪುಟಪುಟಕ್ಕೂ ಇತ್ತು, ಇಪ್ಪತ್ತನೆಯದರ ತನಕ. ಅಲ್ಲಿಂದಾಚೆಗೆ ಒಂದೂ ಇರಲಿಲ್ಲ.

“ಬಸ್ಸು ಯಾಕ್ ಬಂತು ಅಂತ ಕೊನೇಲೈತೆ ಕಣಮ್ಮ. ಅಲ್ಲೀಗಂಟ ಓದುದ್ಯಾ?”

“ಓದಿದೆ,” ಎಂದೆ. “ಚೆನ್ನಾಗಿರ್ಲಿಲ್ಲ.”

ಅವರು ಕೊನೆಯ ಕಲೆಯ ಮೇಲೆ ಹೆಬ್ಬೆರಳಾಡಿಸಿದರು. “ಅಂಗಾರೆ ಬುಡು. ನಾನೇ ಸರ್ಯಾಗಿ ಬರೀಲಿಲ್ಲ ಅನ್ಸುತ್ತೆ.”

ನೋಟ್‌ಬುಕ್ಕನ್ನು ಮತ್ತೆ ಡಬ್ಬಿಯ ಪಕ್ಕಕ್ಕೆ ತುರುಕಿದರು. ಟೀಚರ್ ಒಳಗಿನಿಂದ ಕಾಫಿ ತರುವಷ್ಟರಲ್ಲಿ ಹೊರಟುಹೋಗಿದ್ದರು. ಮತ್ತೆಂದೂ ಬರಲಿಲ್ಲ. ಗೇಟಿನವರೆಗೆ ಓಡಿ ನಿಜ ಹೇಳಬಹುದಿತ್ತು. ನಾನು ಕೂತಲ್ಲಿಂದ ಏಳಲಿಲ್ಲ. ನೆನೆದರೆ ಈಗಲೂ ನಾಚಿಕೆಯಿಂದ ಮೈ ಹಿಡಿಯಾಗುತ್ತದೆ.

ಈಗಲೂ ವೈಜ್ಞಾನಿಕ ಕಾದಂಬರಿ ಓದಿ ಫೋನಿನಲ್ಲಿ ಅಭಿಪ್ರಾಯ ಬರೆಯುತ್ತೇನೆ. ಕಳೆದ ತಿಂಗಳು ಮೂರು ಓದಿದೆ. ಒಂದರಲ್ಲಿ ಮನುಷ್ಯರಿಗಿಂತ ಯಂತ್ರಗಳೇ ಚೆನ್ನಾಗಿ ಮಾತಾಡುತ್ತವೆ, ಇನ್ನೊಂದು ನಡುವೆ ಹಳಿ ತಪ್ಪಿತು, ಮೂರನೆಯದು ಶುದ್ಧ ಬೋರು. ಆದರೂ ಮೂರನ್ನೂ ಕೊನೆಯ ಸಾಲಿನವರೆಗೆ ಓದಿದೆ. ‘ನಿಮ್ಮ ತಾಳ್ಮೆ ದೊಡ್ಡದು’ ಎನ್ನುತ್ತಾರೆ. ತಾಳ್ಮೆಯಲ್ಲ, ಹೆದರಿಕೆ.

ಟೀಚರ್ ಈಗಿಲ್ಲ. ಆ ಕೋಣೆಯ ಪುಸ್ತಕಗಳು ಎಲ್ಲೆಲ್ಲಿಗೋ ಹೋದವು. ಹಳೇ ಪುಸ್ತಕದ ಅಂಗಡಿಗಳನ್ನೆಲ್ಲ ಜಾಲಾಡಿದೆ, ಆ ತೆಳ್ಳಗಿನದು ಸಿಗಲಿಲ್ಲ. ಮಂಗಳ ಗ್ರಹಕ್ಕೆ ಆ ಬಸ್ಸು ಯಾಕೆ ಬಂದಿತ್ತೋ, ನನಗೆ ಇವತ್ತಿಗೂ ಗೊತ್ತಿಲ್ಲ.